ಗ್ರೆಪ್ ಏನೂ ಹೇಳದಿದ್ದಾಗ ನಾನು ಏನೇನು ನೋಡುತ್ತೇನೆ

ಕಮಾಂಡ್ ಕೊಟ್ಟು ಎಂಟರ್ ಒತ್ತಿದ ಮೇಲೆ ಪರದೆಯ ಮೇಲೆ ಏನೂ ಬರಲಿಲ್ಲ ಅಂದರೆ ನಾನು ಮೊದಲು ನೋಡುವುದು ಒಂದೇ. ಪ್ರಾಂಪ್ಟ್, ಅಂದರೆ ಮುಂದಿನ ಕಮಾಂಡಿಗೆ ಕಾಯುವ ಗುರುತು, ವಾಪಸ್ ಬಂತಾ, ಇಲ್ವಾ? ಬಂದಿದ್ದರೆ ಪ್ರೋಗ್ರಾಮ್ ಕೆಲಸ ಮುಗಿಸಿದೆ, ಹೇಳುವುದಕ್ಕೆ ಏನೂ ಇರಲಿಲ್ಲ ಅಷ್ಟೆ. ಬರದೆ ಕರ್ಸರ್ ಸುಮ್ನೆ ಮಿನುಗುತ್ತಿದ್ದರೆ ಅದು ಇನ್ನೂ ಓಡುತ್ತಿದೆ, ಅಥವಾ ಯಾರಿಗೋ ಕಾಯುತ್ತಿದೆ. ಇವೆರಡೂ ಬೇರೆ ಬೇರೆ ಕಾಯಿಲೆ, ಔಷಧಿಯೂ ಬೇರೆ.

ನನಗೆ ಈ ಎರಡೂ ಒಂದೇ ಕೆಲಸದಲ್ಲಿ ಸಿಕ್ಕವು. ಒಂದು ಮುದ್ರಣಾಲಯದವರು ತಮ್ಮ ಕೃಷಿ ಮಾಸಿಕದ ಹಳೆಯ ಲೇಖನಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ತುಂಬಿ ಕೊಟ್ಟಿದ್ದರು. ಗೊಬ್ಬರದ ಬಗ್ಗೆ ಬಂದ ಲೇಖನಗಳ ಪಟ್ಟಿ ಬೇಕಿತ್ತು. ಲಿನಕ್ಸ್‌ನಲ್ಲಿ ಒಂದು ಸಾಲಿನ ಕೆಲಸ: ಫೈಲುಗಳೊಳಗೆ ಪದ ಹುಡುಕುವ ಗ್ರೆಪ್, ಫೋಲ್ಡರಿನ ಒಳಗೆಲ್ಲ ಹುಡುಕು ಅನ್ನುವ -ಆರ್, 'ಗೊಬ್ಬರ', ಫೋಲ್ಡರಿನ ಹೆಸರು. ಪ್ರಾಂಪ್ಟ್ ತಕ್ಷಣ ವಾಪಸ್ ಬಂತು. ಒಂದಕ್ಷರವೂ ಇಲ್ಲ. ಕೃಷಿ ಪತ್ರಿಕೆಯಲ್ಲಿ ಗೊಬ್ಬರವೇ ಇಲ್ಲ ಅಂದರೆ ಯಾರು ನಂಬುತ್ತಾರೆ?

ಇಂಥ ಹೊತ್ತಲ್ಲಿ ಕೇಳಬೇಕಾದ ಪ್ರಶ್ನೆ 'ಎಕೋ $?'. ಹಿಂದಿನ ಕಮಾಂಡ್ ಯಾವ ಸಂಖ್ಯೆ ಬಿಟ್ಟು ಹೋಯಿತು ಅಂತ ಇದು ಹೇಳುತ್ತದೆ. ಗ್ರೆಪ್ ಈ ವಿಷಯದಲ್ಲಿ ತುಂಬ ಪ್ರಾಮಾಣಿಕ. ಸಿಕ್ಕರೆ 0, ಸಿಗದಿದ್ದರೆ 1, ಫೈಲ್ ತೆರೆಯಲಾಗದಂಥ ತೊಂದರೆ ಆದರೆ 2. ನನಗೆ ಬಂದದ್ದು 1. ಅಂದರೆ ಅದು ಫೈಲುಗಳನ್ನು ಓದಿದೆ, ಹುಡುಕಿದೆ, ಸಿಕ್ಕಿಲ್ಲ. ಎಲ್ಲ ಕಮಾಂಡುಗಳೂ ಹೀಗೆ ಇರುವುದಿಲ್ಲ. ಫೈಲುಗಳನ್ನು ಹೆಸರಿನಿಂದ ಹುಡುಕುವ ಫೈಂಡ್‌ಗೆ ಒಂದು ಫೈಲೂ ಸಿಗದಿದ್ದರೂ 0 ಅಂತಲೇ ಹೇಳುತ್ತದೆ. ಫೈಲ್ ನಕಲು ಮಾಡುವ ಸಿಪಿ, ಜಾಗ ಬದಲಿಸುವ ಎಂವಿ ಕೆಲಸ ಸರಿಯಾಗಿ ಆದಾಗಲೇ ಏನೂ ಹೇಳುವುದಿಲ್ಲ. ಯುನಿಕ್ಸ್‌ನಲ್ಲಿ ಅದು ಹಳೆಯ ಪದ್ಧತಿ.

ಇಲ್ಲೊಂದು ಮಾತು. ಬೇರೆಯವರು ಬರೆದಿಟ್ಟ ಸ್ಕ್ರಿಪ್ಟ್ ಏನೂ ಹೇಳದಿದ್ದರೆ ನಾನು ಮೊದಲು ಹುಡುಕುವುದು '2>/ಡೆವ್/ನಲ್' ಅನ್ನುವ ಬಾಲವನ್ನು. ಮಾಮೂಲಿ ಔಟ್‌ಪುಟ್ ಒಂದನೇ ಕೊಳವೆಯಲ್ಲಿ ಹೋಗುತ್ತದೆ, ದೂರುಗಳು ಎರಡನೆಯದರಲ್ಲಿ. ಈ ಬಾಲ ಇದ್ದರೆ ದೂರುಗಳೆಲ್ಲ ಹಳ್ಳಕ್ಕೆ. ಅದನ್ನು ತೆಗೆದು ಮತ್ತೆ ಓಡಿಸಿದರೆ ಅರ್ಧಕ್ಕರ್ಧ ಸಲ ಉತ್ತರ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಗೊಬ್ಬರಕ್ಕೆ ಬರೋಣ. ಗ್ರೆಪ್‌ಗೆ ಅಕ್ಷರದ ಆಕಾರ ಕಾಣುವುದಿಲ್ಲ, ಬೈಟುಗಳನ್ನಷ್ಟೇ ಹೋಲಿಸುತ್ತದೆ. ಹಾಗಾಗಿ ನಾನೂ ಬೈಟುಗಳನ್ನೇ ನೋಡಬೇಕಾಯಿತು. ಒಂದು ಫೈಲನ್ನು, ಬೈಟುಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುವ ಎಕ್ಸ್‌ಎಕ್ಸ್‌ಡಿಗೆ ಕೊಟ್ಟೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಟ್ಟಿರುವ ಪದ್ಧತಿ ಯುನಿಕೋಡ್; ಅದನ್ನು ಬೈಟುಗಳಾಗಿ ಬರೆಯುವ ಒಂದು ಕ್ರಮ ಯುಟಿಎಫ್-8. ಅದರಲ್ಲಿ ಕನ್ನಡ ಪಠ್ಯವನ್ನು ಹೀಗೆ ನೋಡಿದರೆ ಗುರುತು ಸಿಗುವುದು ಬಹಳ ಸುಲಭ. ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟು, ಮೊದಲ ಎರಡು 'ಇ0 ಬಿ2' ಇಲ್ಲವೇ 'ಇ0 ಬಿ3'. 'ಕ' ಅಂದರೆ ಇ0 ಬಿ2 95. ಪುಟದ ತುಂಬ ಇ0 ಇ0 ಅಂತ ಸಾಲಾಗಿ ಕಾಣಬೇಕು. ನನ್ನ ಫೈಲಿನಲ್ಲಿ ಒಂದೂ ಇರಲಿಲ್ಲ. ಬದಲಿಗೆ '50 ಸಿ0 ಎ3 ಸಿ0 ಡಿಎಫ್ 71 ಸಿ0' ಅಂತ ಶುರುವಾಗಿತ್ತು.

ಡಿಟಿಪಿ ಮಾಡಿದವರಿಗೆ ಇದು ಏನು ಅಂತ ಈಗಾಗಲೇ ಗೊತ್ತಾಗಿರುತ್ತದೆ. ಅದೇ ಫೈಲನ್ನು ಸಾಮಾನ್ಯ ಎಡಿಟರಿನಲ್ಲಿ ತೆರೆದರೆ ದೊಡ್ಡಕ್ಷರದ ಇಂಗ್ಲಿಷ್ ಪಿ, ತಲೆಯ ಮೇಲೆ ಗೀಟಿರುವ ಎ, £ ಗುರುತು, ಹೀಗೆ ಕಾಣುತ್ತದೆ. ನುಡಿ ಫಾಂಟ್ ಹಾಕಿದರೆ ಅದೇ 'ಕನ್ನಡ' ಅಂತ ಆಗುತ್ತದೆ. ಯುನಿಕೋಡ್ ಬಳಸದ ಹಳೆಯ ನುಡಿ ಪಠ್ಯದಲ್ಲಿ ಇರುವುದು ಕನ್ನಡ ಅಕ್ಷರಗಳಲ್ಲ, ಅಕ್ಷರದ ತುಂಡುಗಳು. 'ಕ'ದ ಕೆಳಭಾಗಕ್ಕೆ ಒಂದು ಸಂಖ್ಯೆ, ತಲೆಕಟ್ಟಿಗೆ ಇನ್ನೊಂದು. ಪೇಜ್‌ಮೇಕರ್‌ನಲ್ಲಿ ಕೂತು ಪುಟ ಕಟ್ಟಿದವರಿಗೆ ಅದು ಸಾಕಿತ್ತು, ಅಚ್ಚಾದ ಮೇಲೆ ಕಾಗದದಲ್ಲಿ ಕನ್ನಡವೇ ತಾನೇ ಇರುವುದು. ಆದರೆ ಗ್ರೆಪ್‌ಗೆ ನಾನು ಕೊಟ್ಟ 'ಗೊಬ್ಬರ' ಯುನಿಕೋಡ್. ಎರಡಕ್ಕೂ ಒಂದು ಬೈಟಿನ ನಂಟೂ ಇಲ್ಲ. ಸಿಕ್ಕಿಲ್ಲ ಅಂತ ಅದು ಹೇಳಿದ್ದು ನಿಜವೇ.

ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪೈಥಾನ್ ಸ್ಕ್ರಿಪ್ಟ್ ಹಾಕಿ ಫೈಲುಗಳನ್ನು ಪರಿವರ್ತಿಸಿದೆ. ಆಗ ಗೊಬ್ಬರ ಧಾರಾಳವಾಗಿ ಸಿಕ್ಕಿತು. ಆದರೂ ಕಣ್ಣಾರೆ 'ಗೊಬ್ಬರ' ಕಾಣುತ್ತಿದ್ದ ಕೆಲವು ಫೈಲುಗಳಲ್ಲಿ ಮತ್ತೆ ಅದೇ 1.

ಇದು ಇನ್ನೂ ಸೂಕ್ಷ್ಮ. ಕನ್ನಡದ 'ೊ' ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಎರಡು ಥರ ಬರೆಯಬಹುದು. ಒಂದೇ ಸಂಕೇತವಾಗಿ ಬರೆದರೆ ಇ0 ಬಿ3 8ಎ. ಎತ್ವ ಮತ್ತು ಊ ಚಿಹ್ನೆ ಎರಡನ್ನೂ ಸೇರಿಸಿ ಬರೆದರೆ ಇ0 ಬಿ3 86, ಆಮೇಲೆ ಇ0 ಬಿ3 82. ಪರದೆಯ ಮೇಲೆ ಎರಡೂ 'ಗೊ'. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಬೈಟಿನಲ್ಲಿ ಒಂದು ಮೂರು, ಇನ್ನೊಂದು ಆರು. ಕೀ, ಕೇ, ಕೈ, ಕೋಗಳಿಗೂ ಇದೇ ಕಥೆ. ಕೀಲಿಮಣೆಯಿಂದ ಸಾಮಾನ್ಯವಾಗಿ ಬರುವುದು ಒಂದೇ ಸಂಕೇತದ ರೂಪ. ಬಿಡಿಸಿದ ರೂಪ ಕೆಲವು ಪರಿವರ್ತಕಗಳಿಂದ ಬರುತ್ತದೆ. ಹಳೆಯ ಮ್ಯಾಕ್‌ಗಳ ಫೈಲ್ ಹೆಸರುಗಳಲ್ಲೂ ಇರುತ್ತದೆ. ಹೆಸರಲ್ಲಿ 'ಗೊಬ್ಬರ' ಇರುವ ಫೈಲ್, ಫೈಲ್ ಪಟ್ಟಿ ತೋರಿಸುವ ಎಲ್‌ಎಸ್‌ನಲ್ಲಿ ಕಾಣುತ್ತದೆ, ಫೈಂಡ್‌ಗೆ ಸಿಗುವುದಿಲ್ಲ ಅಂದರೆ ನನ್ನ ಅನುಮಾನ ಹೋಗುವುದು ಇಲ್ಲಿಗೇ. ಪರಿಹಾರ ದೊಡ್ಡದೇನಲ್ಲ. ಪೈಥಾನ್‌ನ ಯುನಿಕೋಡ್‌ಡೇಟಾದಲ್ಲಿ ನಾರ್ಮಲೈಸ್ ಅಂತ ಇದೆ. ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದರೆ ಬಿಡಿಸಿದ್ದೆಲ್ಲ ಒಂದಾಗುತ್ತದೆ. ಪದದೊಳಗೆ ಕೂತು ಅಕ್ಷರಗಳು ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಜೋಡಣೆತಡೆ ಗುರುತನ್ನು ಮಾತ್ರ ಎನ್‌ಎಫ್‌ಸಿ ಮುಟ್ಟುವುದಿಲ್ಲ. 'ಸಾಫ್ಟ್‌ವೇರ್' ಥರದ ಪದದಲ್ಲಿ ಅದು ಇ2 80 8ಸಿ ಅಂತ ಕೂತಿರುತ್ತದೆ. ಹುಡುಕುವ ಪ್ರತಿಯಲ್ಲಿ ನಾನು ಅದನ್ನು ಕಿತ್ತೇ ಹಾಕುತ್ತೇನೆ. ಓದುವ ಪ್ರತಿಯಲ್ಲಿ ಬಿಡುತ್ತೇನೆ.

ಇನ್ನು ಕೆಲವು ಫೈಲುಗಳು ನೋಟ್‌ಪ್ಯಾಡ್‌ನಲ್ಲಿ 'ಯುನಿಕೋಡ್' ಅಂತ ಆಯ್ಕೆ ಮಾಡಿ ಉಳಿಸಿದವು. ಅಂದರೆ ಯುಟಿಎಫ್-16, ಯುನಿಕೋಡನ್ನು ಬೈಟುಗಳಾಗಿ ಬರೆಯುವ ಇನ್ನೊಂದು ಕ್ರಮ. ಫೈಲ್ ಅನ್ನುವ ಕಮಾಂಡ್ ಕೊಟ್ಟರೆ ಅದೇ ಹೇಳಿಬಿಡುತ್ತದೆ. ಒಂದು ಕ್ರಮದಿಂದ ಇನ್ನೊಂದಕ್ಕೆ ಬದಲಿಸುವ ಐಕಾನ್ವ್ ಹಾಕಿದರೆ ಮುಗಿಯಿತು.

ಈಗ ಎರಡನೇ ಕಾಯಿಲೆ. ಪರಿವರ್ತನೆ ಓಡುವಾಗ ಪ್ರತಿ ಫೈಲಿಗೂ ಒಂದು ಸಾಲು ಪ್ರಿಂಟ್ ಆಗುವಂತೆ ಬರೆದಿದ್ದೆ. ಟರ್ಮಿನಲ್‌ನಲ್ಲಿ ಸೊಗಸಾಗಿ ಬರುತ್ತಿತ್ತು. ಅದನ್ನೇ ಪೈಪ್ (ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ ದಾರಿ) ಹಾಕಿ, ಪರದೆಗೂ ಫೈಲಿಗೂ ಒಟ್ಟಿಗೆ ಬರೆಯುವ ಟೀಗೆ ಕೊಟ್ಟರೆ ಪರದೆ ಖಾಲಿ, ಲಾಗ್ ಫೈಲೂ ಖಾಲಿ. ಪ್ರಾಂಪ್ಟ್ ಮಾತ್ರ ಬಂದಿಲ್ಲ.

ಇನ್ನೊಂದು ಟರ್ಮಿನಲ್ ತೆರೆದು ಓಡುತ್ತಿರುವ ಪ್ರೋಗ್ರಾಮಿನ ನಂಬರ್ ಹಿಡಿದು ಎಸ್‌ಟ್ರೇಸ್ ಹಾಕಿದೆ. ನನಗೆ ಬಹಳ ಇಷ್ಟವಾದ ಸಾಧನ ಇದು. ಪ್ರೋಗ್ರಾಮ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಹತ್ತಿರ ಏನೇನು ಕೇಳುತ್ತಿದೆ ಅನ್ನುವುದೆಲ್ಲ ಕಾಣುತ್ತದೆ. ಅದರಲ್ಲಿ 'ರೀಡ್(0,' ಅಂತ ಬಂದು ಅಲ್ಲೇ ನಿಂತಿದ್ದರೆ ಪ್ರೋಗ್ರಾಮ್ ನಮ್ಮ ಇನ್‌ಪುಟ್‌ಗೆ ಕಾಯುತ್ತಿದೆ ಅಂತ ಅರ್ಥ. ಸ್ಕ್ರಿಪ್ಟಿನಲ್ಲಿ ಫೈಲ್ ಹೆಸರಿನ ವೇರಿಯಬಲ್ ಖಾಲಿ ಇದ್ದು, ಗ್ರೆಪ್‌ಗೆ ಪದ ಮಾತ್ರ ಹೋದರೆ ಹೀಗೇ ಆಗುತ್ತದೆ. ನನ್ನಲ್ಲಿ ಹಾಗಿರಲಿಲ್ಲ. ಫೈಲುಗಳು ತೆರೆಯುತ್ತಿದ್ದವು, ಓದು ನಡೆಯುತ್ತಿತ್ತು, ಪರಿವರ್ತಿಸಿದ್ದು ಬೇರೆ ಫೈಲಿಗೆ ಹೋಗುತ್ತಿತ್ತು. ಒಂದನೇ ಕೊಳವೆಗೆ ಮಾತ್ರ 'ರೈಟ್(1,' ಬರುತ್ತಲೇ ಇರಲಿಲ್ಲ. ತುಂಬ ಹೊತ್ತಾದ ಮೇಲೆ ಒಮ್ಮೆಲೇ ಒಂದು ಬಂತು, 8192 ಬೈಟುಗಳದ್ದು.

ಕಾರಣ ಬಫರ್, ಅಂದರೆ ಕಳಿಸುವ ಮೊದಲು ಔಟ್‌ಪುಟ್ ಕೂಡಿಡುವ ಮೆಮೊರಿಯ ಜಾಗ. ಔಟ್‌ಪುಟ್ ನೇರ ಟರ್ಮಿನಲ್‌ಗೆ ಹೋಗುತ್ತಿದ್ದರೆ ಪೈಥಾನ್ ಸಾಲು ಸಾಲಾಗಿ ಕಳಿಸುತ್ತದೆ. ಪೈಪ್‌ಗೋ ಫೈಲಿಗೋ ಹೋಗುತ್ತಿದ್ದರೆ ಬಫರ್ ತುಂಬುವವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಬಸ್ ತುಂಬದೆ ಹೊರಡದ ಖಾಸಗಿ ಸರ್ವೀಸ್ ಇದ್ದ ಹಾಗೆ. ನನ್ನ ಒಂದು ಸಾಲು ಸುಮಾರು 60 ಬೈಟು, ಅಂದರೆ 130ಕ್ಕೂ ಜಾಸ್ತಿ ಫೈಲು ಮುಗಿಯುವವರೆಗೆ ಏನೂ ಕಾಣುವುದಿಲ್ಲ. ಕಾಯುವುದು ಇರಲಿ, ಇದರಲ್ಲಿ ಇನ್ನೊಂದು ಅಪಾಯ ಇದೆ. ಮಧ್ಯದಲ್ಲಿ ಕಿಲ್ ಕೊಟ್ಟರೆ, ಅಥವಾ ಮೆಮೊರಿ ಸಾಲದೆ ಕರ್ನೆಲ್ಲೇ ಪ್ರೋಗ್ರಾಮನ್ನು ಮುಗಿಸಿದರೆ, ಬಫರಿನಲ್ಲಿದ್ದ ಸಾಲುಗಳು ಅಲ್ಲೇ ಸಾಯುತ್ತವೆ. ಎಲ್ಲಿ ನಿಂತಿತು ಅಂತ ಹೇಳಬೇಕಾದ ಕೊನೆಯ ಸಾಲುಗಳೇ ಸಿಗುವುದಿಲ್ಲ. ಆಗ 'ಎಕೋ $?' 137 ಅಂತ ತೋರಿಸಿದರೆ ಅದು 128ಕ್ಕೆ 9 ಕೂಡಿಸಿದ್ದು. ಪ್ರೋಗ್ರಾಮನ್ನು ಬಲವಂತವಾಗಿ ಮುಗಿಸುವ 9ನೇ ಸಿಗ್ನಲ್ ಬಿದ್ದಿದೆ ಅಂತ ಅರ್ಥ. ಆದರೆ ಪೈಪ್ ಇದ್ದಾಗ '$?' ಹೇಳುವುದು ಕೊನೆಯ ಕಮಾಂಡಿನ ಸಂಖ್ಯೆ, ಅಂದರೆ ಟೀ ಬಿಟ್ಟ 0. ಬ್ಯಾಶ್‌ನಲ್ಲಿ ಮೊದಲು 'ಸೆಟ್ -ಓ ಪೈಪ್‌ಫೇಲ್' ಹಾಕಿಕೊಂಡರೆ ನಿಜ ಹೊರಬರುತ್ತದೆ.

ಪೈಥಾನ್‌ಗೆ ಬಫರ್ ಬೇಡ ಅನ್ನುವ -ಯು ಹಾಕಿ ಓಡಿಸಿದೆ, ಸಾಲುಗಳು ಹರಿದು ಬಂದವು. ಸಿ ಭಾಷೆಯಲ್ಲಿ ಬರೆದ ಬಹಳಷ್ಟು ಪ್ರೋಗ್ರಾಮುಗಳಿಗೆ, ಸಾಲು ಸಾಲಾಗಿ ಕಳಿಸು ಅಂತ ಹೇಳುವ ಎಸ್‌ಟಿಡಿಬಫ್ -ಓಎಲ್ ಕೆಲಸ ಮಾಡುತ್ತದೆ. ಪೈಥಾನ್ 3ಕ್ಕೆ ಮಾಡುವುದಿಲ್ಲ, ಅದರ ಬಫರ್ ಅದರದೇ. ಪೈಪಿನ ನಡುವೆ ಗ್ರೆಪ್ ಇದ್ದರೆ ಅದೂ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ --ಲೈನ್-ಬಫರ್ಡ್ ಕೊಡಬೇಕು. ಉದ್ದ ಪೈಪಿನಲ್ಲಿ ಒಂದನ್ನು ಸರಿ ಮಾಡಿ ಇನ್ನೊಂದನ್ನು ಬಿಟ್ಟರೆ ಪರದೆ ಖಾಲಿಯೇ ಇರುತ್ತದೆ.

ಕೊನೆಗೆ ಇಡೀ ಫೋಲ್ಡರ್ ಪರೀಕ್ಷೆ ಮಾಡಲು ಗೊಬ್ಬರ ಬಿಟ್ಟು ಹಲಂತವನ್ನು ಹುಡುಕಿದೆ, ಬರೀ '್' ಗುರುತು. ಒತ್ತಕ್ಷರ ಇಲ್ಲದ ಕನ್ನಡ ಲೇಖನ ಎಲ್ಲಿದೆ? ಗ್ರೆಪ್‌ಗೆ ದೊಡ್ಡಕ್ಷರದ -ಎಲ್ ಕೊಟ್ಟರೆ ಪದ ಸಿಗದ ಫೈಲುಗಳ ಹೆಸರನ್ನು ಪ್ರಿಂಟ್ ಮಾಡುತ್ತದೆ. ಹಾಗೆ ಒಂದು ಪುಟ್ಟ ಗುಂಪು ಸಿಕ್ಕಿತು. ನೋಡಿದರೆ ಅವು ನುಡಿಯಲ್ಲ, ಶ್ರೀಲಿಪಿ ಅನ್ನುವ ಇನ್ನೊಂದು ಡಿಟಿಪಿ ತಂತ್ರಾಂಶದಲ್ಲಿ ಮಾಡಿದವು. ಅದರ ಸಂಖ್ಯೆಗಳೇ ಬೇರೆ, ನನ್ನ ಸ್ಕ್ರಿಪ್ಟಿನ ಕೋಷ್ಟಕ ಅಲ್ಲಿ ನಡೆಯುವುದಿಲ್ಲ. ಅವುಗಳನ್ನು ಬೇರೆ ಫೋಲ್ಡರಿಗೆ ಹಾಕಿ, ಶ್ರೀಲಿಪಿಯ ಕೋಷ್ಟಕ ಬರೆಯಲು ಕೂತಿದ್ದೇನೆ.