ಮಗು ತಲೆ ಹಿಡಿದುಕೊಂಡು ಅತ್ತಾಗ: ಯಾವಾಗ ಕಾಯಬೇಕು, ಯಾವಾಗ ಹೊರಡಬೇಕು

ಮಗಳಿಗೆ ಆಗ ಐದೂವರೆ ವರ್ಷ. ಜುಲೈ ತಿಂಗಳು. ಸಕಲೇಶಪುರದ ಕಡೆ ಮಳೆ ಹೇಗಿರುತ್ತದೆ ಅಂತ ಗೊತ್ತಲ್ವಾ, ಮೂರು ದಿನದಿಂದ ಕರೆಂಟ್ ಇರಲಿಲ್ಲ. ಶಾಲೆಯಿಂದ ಬಂದವಳು ಬ್ಯಾಗ್ ಕೂಡ ಇಳಿಸದೆ ಹಾಸಿಗೆಯಲ್ಲಿ ಮುಖ ಹುದುಗಿಸಿ ಮಲಗಿದಳು. "ಅಮ್ಮಾ, ತಲೆ ಸಿಡೀತಿದೆ" ಅಂದಳು. ಹತ್ತು ನಿಮಿಷಕ್ಕೆ ವಾಂತಿ. ಮುಖ ಬಿಳಿಚಿಕೊಂಡಿತ್ತು. ಅತ್ತೆ ದೃಷ್ಟಿ ತೆಗೆದರು, ಹಣೆಗೆ ಅಮೃತಾಂಜನ ಹಚ್ಚಿದರು. ನಾನು ಗಡ್ಡೆಯೋ, ಮೆದುಳು ಜ್ವರವೋ ಅಂತ ನಡುಗುತ್ತಾ ಕೂತಿದ್ದೆ. ಎರಡು ಗಂಟೆ ಮಲಗಿ ಎದ್ದವಳು ಏನೂ ಆಗಿಲ್ಲ ಅನ್ನುವಂತೆ ಅಕ್ಕಿರೊಟ್ಟಿ ಕೇಳಿದಳು.

ಎರಡು ತಿಂಗಳಲ್ಲಿ ಹೀಗೆ ಐದು ಸಲ ಆಯಿತು. ಕೊನೆಗೆ ಹಾಸನದ ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ ಮೈಗ್ರೇನ್ ಅಂದರು. ಇಷ್ಟು ಚಿಕ್ಕ ಮಕ್ಕಳಿಗೂ ಅದು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ದೊಡ್ಡವರ ಅರೆತಲೆನೋವಿನ ಹಾಗೆ ಒಂದೇ ಕಡೆ ಇರಬೇಕು ಅಂತಿಲ್ಲ. ಮಕ್ಕಳಿಗೆ ಹಣೆ ಪೂರ್ತಿ ನೋಯಬಹುದು, ಒಂದೆರಡು ಗಂಟೆಯಲ್ಲೇ ಬಿಡಬಹುದು. ಬೆಳಕು, ಸದ್ದು ಬೇಡ ಅನ್ನುತ್ತಾರೆ, ವಾಂತಿ ಆಗುತ್ತದೆ, ನಿದ್ದೆ ಮಾಡಿ ಎದ್ದರೆ ಸರಿಹೋಗುತ್ತಾರೆ. ಮನೆಯಲ್ಲಿ ತಾಯಿಗೋ ಅಜ್ಜಿಗೋ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಜಾಸ್ತಿ. ನಮ್ಮಮ್ಮನಿಗೆ ಇತ್ತು.

ಅಷ್ಟು ದಿನ ನಾನು ಮಾಡಿದ ತಪ್ಪು ಒಂದೇ. ಎಷ್ಟು ಜೋರಾಗಿ ಅಳುತ್ತಾಳೆ ಅನ್ನುವುದನ್ನೇ ನೋಡುತ್ತಿದ್ದೆ. ಮೈಗ್ರೇನ್ ಮಗುವನ್ನು ಹೊರಳಾಡಿಸಿಬಿಡುತ್ತದೆ. ನಿಜಕ್ಕೂ ಅಪಾಯದ ಕಾಯಿಲೆ ಕೆಲವೊಮ್ಮೆ ಸಣ್ಣ ನೋವಿನಿಂದ ಶುರುವಾಗುತ್ತದೆ. ನೋಡಬೇಕಾದದ್ದು ಬೇರೆ: ನೋವಿನ ಜೊತೆ ಏನು ಬಂತು, ಯಾವ ಹೊತ್ತಿಗೆ ಬಂತು, ನೋವು ಹೋದ ಮೇಲೆ ಮಗು ಮೊದಲಿನ ಹಾಗೇ ಇದೆಯಾ.

ಮೊದಲು, ಕಾಯಲೇಬಾರದ ಸಂಗತಿಗಳು. ಜ್ವರ, ತಲೆನೋವಿನ ಜೊತೆ ಕುತ್ತಿಗೆ ಬಿಗಿದಿದ್ದರೆ ಹೊರಡಿ. "ಗದ್ದ ಎದೆಗೆ ಮುಟ್ಟಿಸು ಕಂದ" ಅಂದಾಗ ಬಗ್ಗಿಸಲು ಆಗದೆ ಕಿರುಚಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮೈಮೇಲೆ ಕೆಂಪು, ನೇರಳೆ ಚುಕ್ಕೆ ಎದ್ದು, ಗಾಜಿನ ಲೋಟ ಒತ್ತಿದರೂ ಮಾಯವಾಗದಿದ್ದರೂ ಹಾಗೆಯೇ. ಕರೆದರೆ ಸರಿಯಾಗಿ ಎಚ್ಚರವಾಗದೆ ಮಂಪರಿನಲ್ಲಿದ್ದರೆ, ಫಿಟ್ಸ್ ಬಂದರೆ, ಒಂದು ಕೈ ಕಾಲು ಸೋತರೆ, ಮಾತು ತೊದಲಿದರೆ, ನಡೆಯುವಾಗ ತೂರಾಡಿದರೆ, ಒಂದು ವಸ್ತು ಎರಡಾಗಿ ಕಂಡರೆ, ಇದ್ದಕ್ಕಿದ್ದಂತೆ ಹಿಂದೆಂದೂ ಇಲ್ಲದಂಥ ನೋವು ಬಡಿದರೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿ ಹತ್ತಿ. ನಮ್ಮ ಕಡೆ ತೋಟದ ರಸ್ತೆಯಲ್ಲಿ ಆಂಬುಲೆನ್ಸ್ ಬರುವುದು ತಡವಾಗುತ್ತದೆ. ಅದಕ್ಕೇ ರಾತ್ರಿ ಯಾರ ಜೀಪು ಸಿಗುತ್ತದೆ ಅಂತ ನಾನು ಮೊದಲೇ ಕೇಳಿಟ್ಟುಕೊಂಡಿದ್ದೇನೆ.

ಕಾಫಿ ಕಣದ ಕಟ್ಟೆಯಿಂದಲೋ ಮರದಿಂದಲೋ ಬಿದ್ದು ತಲೆಗೆ ಪೆಟ್ಟಾದ ಮೇಲೆ ನೋವು ಜಾಸ್ತಿಯಾಗುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ ಅದೂ ಇದೇ ಗುಂಪು. ಬಿದ್ದ ತಕ್ಷಣ ಚೆನ್ನಾಗಿ ಆಡಿದರೂ ಎರಡು ದಿನ ಕಣ್ಣಿಟ್ಟಿರಿ.

ಇನ್ನು ಆ ರಾತ್ರಿಯೇ ಓಡಬೇಕಿಲ್ಲ, ಆದರೆ ಒಂದೆರಡು ದಿನದಲ್ಲಿ ಡಾಕ್ಟರಿಗೆ ತೋರಿಸಲೇಬೇಕು ಅನ್ನುವಂಥವು. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ಜೊತೆಗೆ ವಾಂತಿ, ಅದು ದಿನ ದಿನವೂ. ನೋವು ನಿದ್ದೆಯಿಂದ ಎಬ್ಬಿಸುವುದು. ಕೆಮ್ಮಿದರೆ, ಬಗ್ಗಿದರೆ, ಮಲಗಿದರೆ ಜಾಸ್ತಿಯಾಗುವುದು. ಹೊಸದಾಗಿ ಮೆಳ್ಳೆಗಣ್ಣು, ತಲೆ ಒಂದು ಕಡೆ ವಾಲಿಸಿಕೊಂಡು ಕೂರುವುದು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಅದೇ ದಿನ ಹೋಗಿ. ಸಣ್ಣಗೆ ಕಾಣುವ ಇನ್ನೊಂದು ಗುರುತಿದೆ, ನನಗೆ ಇದೇ ಮುಖ್ಯ ಅನ್ನಿಸುತ್ತದೆ: ಮಗುವಿನ ಸ್ವಭಾವವೇ ಬದಲಾಗುವುದು. ಓಡಾಡುವ ಮಗು ಸುಮ್ನೆ ಮೂಲೆ ಹಿಡಿದರೆ, ಬರೆಯುತ್ತಿದ್ದ ಅಕ್ಷರ ಕೆಟ್ಟರೆ, ಅದನ್ನು ತಾಯಿ ಬಿಟ್ಟರೆ ಬೇರೆ ಯಾರೂ ಗಮನಿಸುವುದಿಲ್ಲ. ನಾಲ್ಕು ವರ್ಷದೊಳಗಿನ ಮಗುವಿಗೆ ಎಷ್ಟೋ ಸಲ ತಲೆನೋವು ಅಂತ ಹೇಳಲೂ ಬರುವುದಿಲ್ಲ. ತಲೆ ಹಿಡಿದುಕೊಳ್ಳುತ್ತದೆ, ಗೋಡೆಗೆ ಚಚ್ಚುತ್ತದೆ, ರಚ್ಚೆ ಹಿಡಿಯುತ್ತದೆ. ಅಷ್ಟು ಚಿಕ್ಕವರದ್ದನ್ನು ಕಾದು ನೋಡೋಣ ಅನ್ನಬೇಡಿ.

ನಮ್ಮ ಮಲೆನಾಡಿಗೇ ಸೇರಿದ ಕೆಲವು ಕಾರಣ ಹೇಳಲೇಬೇಕು. ಮಳೆಗಾಲದಲ್ಲಿ ಚಳಿ ಅಂತ ಕೋಣೆ ಮುಚ್ಚಿ ಕೆಂಡ ಇಟ್ಟುಕೊಳ್ಳುತ್ತೇವೆ. ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಇರುತ್ತದೆ, ಕಿಟಕಿ ಹಾಕಿರುತ್ತೇವೆ. ಅಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಒಬ್ಬರಿಗಲ್ಲ, ಮನೆಯವರಿಗೆಲ್ಲ ತಲೆನೋವು, ವಾಕರಿಕೆ ಬಂದು, ಹೊರಗೆ ಬಂದರೆ ಕಮ್ಮಿಯಾದರೆ ಅನುಮಾನ ಪಡಿ. ಎಲ್ಲರನ್ನೂ ಹೊರಗೆ ತಂದು ಆಸ್ಪತ್ರೆಗೆ ಹೊರಡಿ. ತೋಟಕ್ಕೆ ಔಷಧಿ ಹೊಡೆದ ದಿನ ಮಗು ಅಲ್ಲಿ ಆಡಿ ಬಂದು, ತಲೆನೋವು, ವಾಂತಿ ಜೊತೆ ಜೊಲ್ಲು ಸುರಿಸಿದರೆ, ಬೆವರಿದರೆ ತಕ್ಷಣ ಬಟ್ಟೆ ಬಿಚ್ಚಿ ಸೋಪು ಹಾಕಿ ಮೈ ತೊಳೆಯಿರಿ. ಔಷಧಿ ಡಬ್ಬದ ಜೊತೆಗೇ ಆಸ್ಪತ್ರೆಗೆ ಹೋಗಿ, ಯಾವ ಔಷಧಿ ಅಂತ ಡಾಕ್ಟರಿಗೆ ತಿಳಿಯಬೇಕು.

ಮಂಗನ ಕಾಯಿಲೆಯೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಚಿಕ್ಕಮಗಳೂರಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಉಣುಗು ಕಚ್ಚಿ ಬರುತ್ತದೆ. ಒಮ್ಮೆಲೇ ಜೋರು ಜ್ವರ, ಹಣೆ ಒಡೆಯುವಂಥ ನೋವು, ಮೈಕೈ ನೋವು. ಕಾಡಿಗೋ ತೋಟಕ್ಕೋ ಹೋಗಿದ್ದರೆ ಡಾಕ್ಟರಿಗೆ ಅದನ್ನು ನೀವೇ ಹೇಳಿ, ಅವರು ಕೇಳುವ ತನಕ ಕಾಯಬೇಡಿ.

ಈ ಯಾವ ಗುರುತೂ ಇಲ್ಲದಿದ್ದರೆ ಮನೆಯಲ್ಲಿ ನಾನು ಮಾಡುವುದು ಇಷ್ಟು. ಕಿಟಕಿ ಮುಚ್ಚಿ ಕತ್ತಲು ಮಾಡುತ್ತೇನೆ, ಟಿವಿ ಆರಿಸುತ್ತೇನೆ, ಹಣೆಗೆ ತಣ್ಣೀರು ಬಟ್ಟೆ ಹಾಕಿ ಗುಟುಕು ಗುಟುಕಾಗಿ ನೀರು ಕುಡಿಸುತ್ತೇನೆ. ನೋವು ಶುರುವಾದ ಕೂಡಲೇ ಪ್ಯಾರಸಿಟಮಾಲ್ ಸಿರಪ್ ಕೊಡುತ್ತೇನೆ. ತಡ ಮಾಡಿದರೆ ವಾಂತಿಯಲ್ಲಿ ಹೋಗಿಬಿಡುತ್ತದೆ. ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. ನಮ್ಮ ಮನೆಯಲ್ಲಿ ಎರಡು ಬಾಟಲಿ ಇದ್ದವು. ಒಂದರಲ್ಲಿ 5 ಮಿಲೀಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 250. ನೋಡುವುದಕ್ಕೆ ಎರಡೂ ಒಂದೇ ಥರ. 18 ಕಿಲೋ ಇದ್ದ ಮಗಳಿಗೆ ಎರಡನೆಯದರಲ್ಲಿ 5 ಮಿಲೀ ಸಾಕು, ಮೊದಲನೆಯದರಲ್ಲಿ 10 ಮಿಲೀ ಬೇಕು. ಆದ್ದರಿಂದ ಲೇಬಲ್ ಓದಿ, ಬಾಟಲಿ ಜೊತೆ ಬರುವ ಮುಚ್ಚಳದಲ್ಲೇ ಅಳೆಯಿರಿ, ಅಡುಗೆಮನೆ ಚಮಚ ಬೇಡ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ನೆಗಡಿ ಸಿರಪ್‌ನಲ್ಲೂ ಇದೇ ಔಷಧಿ ಇರುತ್ತದೆ, ಎರಡನ್ನೂ ಒಟ್ಟಿಗೆ ಕೊಡಬೇಡಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಡೆಂಗ್ಯೂ ಅನುಮಾನ ಇದ್ದಾಗ ಐಬುಪ್ರೊಫೆನ್ ಕೂಡ ಬೇಡ. ವಾರಕ್ಕೆ ಎರಡು ಮೂರು ದಿನ ಮಾತ್ರೆ ಬೇಕಾಗುತ್ತಿದ್ದರೆ ಡಾಕ್ಟರನ್ನು ಕೇಳಿ. ನೋವಿನ ಔಷಧಿ ಅತಿಯಾದರೆ ಅದೇ ತಲೆನೋವು ತರುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಕರ್ಪೂರ ಇರುವ ಬಾಮ್ ಹಚ್ಚಬೇಡಿ. ಅತ್ತೆಗೆ ಇದನ್ನು ಹೇಳುವುದು ನನಗೆ ಕಷ್ಟವಾಗಿತ್ತು. ಡಾಕ್ಟರೇ ಹೇಳಿದರು ಅಂದಾಗ ಬೇಜಾರಿಲ್ಲದೆ ಒಪ್ಪಿದರು.

ನಮಗೆ ಎಲ್ಲಕ್ಕಿಂತ ಉಪಯೋಗವಾದದ್ದು ಹತ್ತು ರೂಪಾಯಿಯ ನೋಟ್‌ಬುಕ್. ತಾರೀಕು, ಶುರುವಾದ ಹೊತ್ತು, ಬಿಟ್ಟ ಹೊತ್ತು, ಬೆರಳಿಟ್ಟು ತೋರಿಸಿದ ಜಾಗ, ವಾಂತಿ ಆಯಿತಾ, ಹಿಂದಿನ ರಾತ್ರಿ ಎಷ್ಟು ನಿದ್ದೆ, ಬೆಳಿಗ್ಗೆ ಏನು ತಿಂದಳು, ಏನು ಕೊಟ್ಟೆವು. "ತಲೆನೋವಾ?" ಅಂತ ಪದೇ ಪದೇ ಕೇಳಬೇಡಿ, ಮಕ್ಕಳು ಹೂಂ ಅಂದುಬಿಡುತ್ತಾರೆ. ಸುಮ್ನೆ ನೋಡಿ ಬರೆಯಿರಿ. ಡಾಕ್ಟರು ಆ ಪುಟಗಳನ್ನು ಎರಡು ಸಲ ಓದಿದರು. ಐದರಲ್ಲಿ ನಾಲ್ಕು ದಿನ ಅವಳು ತಿಂಡಿ ಬಿಟ್ಟು ಏಳೂಕಾಲರ ವ್ಯಾನ್ ಹತ್ತಿದ್ದಳು. ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ.

ಸ್ಕ್ಯಾನ್ ಮಾಡಿಸಿ ಅಂತ ನಾನು ಅತ್ತೇಬಿಟ್ಟೆ. ಅವರು ಬಿಪಿ ನೋಡಿದರು, ಸಣ್ಣ ದೀಪ ಹಿಡಿದು ಕಣ್ಣಿನ ಒಳಭಾಗ ನೋಡಿದರು, ಗೆರೆ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಸಿದರು, ಮೂಗು ಮುಟ್ಟಿಸಿದರು, ಎತ್ತರ ತೂಕ ತೆಗೆದುಕೊಂಡರು. ತಲೆಯೊಳಗೆ ಒತ್ತಡ ಇದ್ದರೆ ಕಣ್ಣಿನ ಹಿಂದಿನ ನರ ಉಬ್ಬಿರುತ್ತದಂತೆ. ಎಲ್ಲ ಸರಿ ಇದ್ದಾಗ ಸ್ಕ್ಯಾನ್ ಬೇಕಾಗುವುದಿಲ್ಲ, ಸಿಟಿ ಸ್ಕ್ಯಾನ್‌ನಲ್ಲಿ ವಿಕಿರಣ ಇದೆ, ಎಂಆರ್‌ಐ ಸ್ಕ್ಯಾನ್‌ಗೆ ಚಿಕ್ಕ ಮಕ್ಕಳಿಗೆ ಮಂಪರು ಬರುವ ಔಷಧಿ ಕೊಡಬೇಕಾಗುತ್ತದೆ ಅಂತ ಬಿಡಿಸಿ ಹೇಳಿದರು. ಆದರೆ ಈ ಪರೀಕ್ಷೆ ಯಾವುದನ್ನೂ ಮಾಡದೆ ಬರೀ ಮಾತ್ರೆ ಬರೆದು ಕಳಿಸಿದರೆ ಇನ್ನೊಬ್ಬರಿಗೆ ತೋರಿಸಿ. ನಮಗೆ ಮೊದಲ ಕಡೆ ಹಾಗೇ ಆಗಿತ್ತು.

ಈಗ ಬೆಳಿಗ್ಗೆ ಇನ್ನೇನೂ ಆಗದಿದ್ದರೆ ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಆದರೂ ಆಗಲೇಬೇಕು. ರಾತ್ರಿ ಒಂಬತ್ತಕ್ಕೆ ಮಲಗಿಸುತ್ತೇನೆ. ನೋವು ಎರಡು ತಿಂಗಳಿಗೊಮ್ಮೆ ಬಂದರೆ ಬಂತು. ಶಾಲೆಯ ಮಿಸ್‌ಗೆ ಒಂದು ಚೀಟಿ ಕೊಟ್ಟಿದ್ದೇನೆ: ತಲೆನೋವು ಅಂದರೆ ಮಲಗಲು ಬಿಡಿ, ನೀರು ಕೊಡಿ, ನನಗೆ ಫೋನ್ ಮಾಡಿ, ಮಂಪರು ಬಂದರೆ, ತೂರಾಡಿದರೆ, ಫಿಟ್ಸ್ ಆದರೆ ನನ್ನನ್ನು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾನು ಅಲ್ಲಿಗೇ ಬರುತ್ತೇನೆ. ಅದರದೇ ಇನ್ನೊಂದು ಪ್ರತಿ ಅವಳ ಬ್ಯಾಗಿನ ಮುಂದಿನ ಜಿಪ್ಪಿನಲ್ಲಿದೆ.