ಹೊಂಗೆ ಎಣ್ಣೆ: ಮೈಗೆ ಮದ್ದು, ಹೊಟ್ಟೆಗಲ್ಲ

ಹೊಂಗೆ ಬೀಜ ಕೂಡಿಡುವ ಕೆಲಸವನ್ನು ಬೇಸಿಗೆಯ ಮೊದಲ ಜೋರು ಮಳೆಗೆ ಮುಂಚೆ ಮುಗಿಸಿಕೊಳ್ಳಿ. ಯುಗಾದಿಯ ಆಸುಪಾಸಿನಲ್ಲಿ ಹೂ ಬಿಡುವ ಈ ಮರದ ಕಾಯಿ ಬಲಿತು ಒಣಗಲು ಹೆಚ್ಚುಕಡಿಮೆ ಮುಂದಿನ ಬೇಸಿಗೆಯೇ ಬರಬೇಕು. ಹಾಗಾಗಿ ನಮ್ಮ ಗೌರಿಬಿದನೂರು ಕಡೆಯ ಕೆರೆ ಏರಿಗಳ ಮೇಲೆ ಹೊಸ ಹೂವು, ಹೋದ ವರ್ಷದ ಕಾಯಿ ಎರಡನ್ನೂ ಒಂದೇ ಕೊಂಬೆಯಲ್ಲಿ ನೋಡಬಹುದು. ಹಸಿರು ಕಾಯಿ ಬೇಡ. ಕಂದು ಬಣ್ಣಕ್ಕೆ ತಿರುಗಿ, ಅಲುಗಾಡಿಸಿದರೆ ಒಳಗೆ ಬೀಜ ಸದ್ದು ಮಾಡುವಂಥದ್ದನ್ನು ಗಣೆಯಿಂದ ಬಡಿದು ಬೀಳಿಸಿ. ಕೆಳಗೆ ಹಳೆಯ ಟಾರ್ಪಾಲು ಹಾಸಿರಬೇಕು. ನೆಲದಲ್ಲಿ ಬಿದ್ದು ನೆನೆದ ಕಾಯಿಯನ್ನು ಆರಿಸಿ ತುಂಬಿಕೊಂಡರೆ ಚೀಲ ಬೇಗ ತುಂಬುತ್ತದೆ, ಎಣ್ಣೆ ಕೆಡುತ್ತದೆ.

ನನ್ನದು ಸಣ್ಣ ಎಣ್ಣೆ ಗಿರಣಿ. ಓದಿದ್ದು ಬಿ.ಎಸ್ಸಿ., ರಸಾಯನಶಾಸ್ತ್ರ. ಓದಿಗೂ ಉದ್ಯೋಗಕ್ಕೂ ಸಂಬಂಧವಿಲ್ಲ ಎಂದು ನೆಂಟರು ಹೇಳುತ್ತಿದ್ದರು. ಹೊಂಗೆ ಬೀಜ ಗಿರಣಿಗೆ ಬರುವ ತಿಂಗಳುಗಳಲ್ಲಿ ಆ ಮಾತು ಸುಳ್ಳಾಗುತ್ತದೆ. ಬೀಜ ತಂದವರೆಲ್ಲ ಒಂದಲ್ಲ ಒಂದು ಕಾಯಿಲೆಯ ಹೆಸರನ್ನೂ ಜೊತೆಗೆ ತರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಡಿದ ಕಾಯಿಯನ್ನು ಚೆನ್ನಾಗಿ ಒಣಗಿಸಿ ಮರದ ಕೊಡತಿಯಿಂದ ಮೆಲ್ಲಗೆ ಹೊಡೆದರೆ ಸಿಪ್ಪೆ ಬಿಡುತ್ತದೆ. ಒಳಗೆ ಸಾಮಾನ್ಯವಾಗಿ ಒಂದೇ ಬೀಜ, ಅಪರೂಪಕ್ಕೆ ಎರಡು. ಕೆಂಪು ಛಾಯೆಯ ಕಂದು ಬಣ್ಣ ಸರಿ. ಬೂಷ್ಟು ಹಿಡಿದದ್ದು, ಕಪ್ಪಾದದ್ದು ಆಚೆಗೆ. ಇದು ಬರೀ ಅಂದಚಂದದ ಮಾತಲ್ಲ. ತೇವ ಮತ್ತು ಬೂಷ್ಟು ಸೇರಿದಾಗ ಎಣ್ಣೆಯ ಅಣು ಒಡೆದು ಮೇದಾಮ್ಲಗಳು ಬಿಡಿಬಿಡಿಯಾಗುತ್ತವೆ. ಅಂಥ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ, ತುರಿಕೆ ಇರುವ ಚರ್ಮಕ್ಕೆ ಇನ್ನಷ್ಟು ಉರಿ ತರುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ‘ಕರಂಜ’ ಎಂದು ಕೇಳಿ ಬೀಜ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಗೋಲಿಯಂತೆ ದುಂಡಗೆ, ಬೂದು ಬಣ್ಣದಲ್ಲಿ ಗಟ್ಟಿಯಾಗಿರುವ ಬೀಜ ಕೊಟ್ಟರೆ ಅದು ಗಜ್ಜುಗ, ಬೇರೆಯೇ ಗಿಡ. ಹೊಂಗೆ ಬೀಜ ಚಪ್ಪಟೆ.

ಕಡಲೆಕಾಯಿ ಆಡಿಸುವ ಗಾಣಕ್ಕೆ ಹೊಂಗೆ ಹಾಕಿಸಬೇಡಿ. ಆಮೇಲೆ ಬರುವ ಗಿರಾಕಿಯ ಒಗ್ಗರಣೆ ಕಹಿಯಾಗುತ್ತದೆ. ನಾನು ಹೊಂಗೆಗೆ ಬೇರೆ ಯಂತ್ರವನ್ನೇ ಇಟ್ಟಿದ್ದೇನೆ. ಬೀಜದ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆ ಇರುತ್ತದೆ, ಯಂತ್ರದಿಂದ ಕೈಗೆ ಸಿಗುವುದು ಕಾಲು ಭಾಗದಷ್ಟು. ಒಂದೆರಡು ಸೇರು ಬೀಜವಷ್ಟೇ ಇದ್ದರೆ ಗಿರಣಿಯ ಹಂಗು ಬೇಡ: ಹದವಾಗಿ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆಯಿರಿ. ನೀರಿನ ಪಸೆ ಹೋಗುವವರೆಗೆ ಮತ್ತೆ ಕಾಯಿಸಿ. ಆ ಪಾತ್ರೆ, ಸೌಟು ಮತ್ತೆ ಅಡುಗೆಗೆ ಬರಬಾರದು. ಯಾವ ರೀತಿಯಲ್ಲಿ ತೆಗೆದಿದ್ದರೂ ಕೆಲವು ದಿನ ಅಲುಗಿಸದೆ ಬಿಟ್ಟು, ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಬಣ್ಣದ ಗಾಜಿನ ಸೀಸೆಯಲ್ಲಿ ಕತ್ತಲಲ್ಲಿಡಿ.

ಇನ್ನು ಕಹಿಯ ವಿಚಾರ. ಹೊಂಗೆ ಎಣ್ಣೆಯ ಅರ್ಧದಷ್ಟು ಭಾಗ ಓಲಿಕ್ ಆಮ್ಲ ಎಂಬ ಮೇದಾಮ್ಲ. ಕಡಲೆಕಾಯಿ ಎಣ್ಣೆಯಲ್ಲಿಯೂ ಮುಖ್ಯವಾಗಿ ಇರುವುದು ಅದೇ. ಹಾಗಾದರೆ ಒಂದರಲ್ಲಿ ಬೋಂಡ ಕರಿಯುತ್ತೇವೆ, ಇನ್ನೊಂದನ್ನು ಬಾಯಿಗೆ ತಾಗಿಸುವುದಿಲ್ಲ, ಏಕೆ? ವ್ಯತ್ಯಾಸ ಇರುವುದು ನೂರರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ಇರುವ ಬೇರೆ ಪದಾರ್ಥಗಳಲ್ಲಿ. ಅವುಗಳಲ್ಲಿ ಮುಖ್ಯವಾದವು ಕರಂಜಿನ್ ಮತ್ತು ಪೊಂಗಮೋಲ್. ಎರಡರಲ್ಲಿಯೂ 18 ಇಂಗಾಲ, 4 ಆಮ್ಲಜನಕ. ಕರಂಜಿನ್‌ನಲ್ಲಿ 12 ಜಲಜನಕ, ಪೊಂಗಮೋಲ್‌ನಲ್ಲಿ 14. ಕರಂಜಿನ್ ಗಿಡಮರಗಳಲ್ಲಿ ಸಿಗುವ ಫ್ಲೇವನಾಯ್ಡ್ ಎಂಬ ಪದಾರ್ಥಗಳ ಗುಂಪಿಗೆ ಸೇರಿದ್ದು, ಜೊತೆಗೊಂದು ಫ್ಯುರಾನ್ ಉಂಗುರ (ನಾಲ್ಕು ಇಂಗಾಲ, ಒಂದು ಆಮ್ಲಜನಕ ಸೇರಿದ ಬಳೆಯಂಥ ರಚನೆ) ಅಂಟಿಕೊಂಡಿರುತ್ತದೆ. ಪೊಂಗಮೋಲ್‌ನಲ್ಲಿ ಫ್ಲೇವನಾಯ್ಡ್‌ನ ನಡುವಿನ ಉಂಗುರ ಮುಚ್ಚಿಕೊಳ್ಳದೆ ತೆರೆದೇ ಇರುತ್ತದೆ. ಆ ರಚನೆಯಿಂದಾಗಿ ಅದು ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತದೆ. ಬಿಸಿಲಿಗೆ ಹಚ್ಚುವ ಕ್ರೀಮುಗಳಿಗೂ ಅದನ್ನು ಬಳಸುತ್ತಾರೆ. ಹಾಗೆಂದು ನೀವು ಹೊಂಗೆ ಎಣ್ಣೆ ಬಳಿದುಕೊಂಡು ಹೊಲಕ್ಕೆ ಹೋಗಬೇಡಿ, ಎಷ್ಟು ರಕ್ಷಣೆ ಸಿಗುತ್ತದೆ ಎಂದು ಅಳೆದವರು ನಮ್ಮಲ್ಲಿ ಯಾರೂ ಇಲ್ಲ.

ಕರಂಜಿನ್ ಹುಳುಗಳಿಗೆ, ನುಸಿಗಳಿಗೆ ಆಗದ ವಸ್ತು. ದನದ ಮೈಯ ಉಣುಗಿಗೆ ಹೊಂಗೆ ಎಣ್ಣೆ ಹಚ್ಚುವ ರೂಢಿ ಇದಕ್ಕೆ ಹೊಂದುತ್ತದೆ. ತಮಾಷೆಯೆಂದರೆ, ಹೊಂಗೆಯ ಎಲೆಯ ಮೇಲೆ ಕಾಣುವ ಸಣ್ಣ ಸಣ್ಣ ಗಂಟುಗಳು ನುಸಿಯದೇ ಕೆಲಸ. ಬೀಜಕ್ಕೆ ಕೊಟ್ಟ ಕಾವಲನ್ನು ಮರ ಎಲೆಗೆ ಅಷ್ಟಾಗಿ ಕೊಟ್ಟಂತೆ ಕಾಣುವುದಿಲ್ಲ. ಸ್ನಾನದ ನೀರಿಗೋ ಕೀಲುನೋವಿನ ಶಾಖಕ್ಕೋ ಎಲೆ ಕುದಿಸುವವರು ಗಂಟಿಲ್ಲದ, ಬಲಿತ ಎಲೆಯನ್ನು ಆರಿಸಿಕೊಳ್ಳಿ. ಶಾಖದಿಂದ ಸಿಗುವ ಹಿತದಲ್ಲಿ ಬಿಸಿಯ ಪಾಲು ಎಷ್ಟು, ಎಲೆಯ ಪಾಲು ಎಷ್ಟು ಎಂಬ ಲೆಕ್ಕಕ್ಕೆ ನಾನು ಹೋಗುವುದಿಲ್ಲ.

ಚರ್ಮಕ್ಕೆ ಹಚ್ಚುವ ಕ್ರಮ ಹೀಗೆ. ಒಂದು ಚಮಚ ಹೊಂಗೆ ಎಣ್ಣೆಗೆ ಮೂರು ಚಮಚ ಕೊಬ್ಬರಿ ಎಣ್ಣೆ ಬೆರೆಸಿ. ಮೊದಲ ದಿನ ಮೊಣಕೈ ಒಳಭಾಗದಲ್ಲಿ ನಾಣ್ಯದಗಲ ಹಚ್ಚಿ, ಮರುದಿನದವರೆಗೆ ನೋಡಿ. ಕೆಂಪಾದರೆ, ಉರಿದರೆ ಅಲ್ಲಿಗೇ ಬಿಡಿ. ಏನೂ ಆಗದಿದ್ದರೆ ಒಣ ತುರಿಕೆ, ಹಿಮ್ಮಡಿ ಒಡಕು ಇರುವಲ್ಲಿ ರಾತ್ರಿ ತೆಳುವಾಗಿ ಸವರಿ. ತಲೆಯ ಹೇನಿಗೂ ಇದೇ ಮಿಶ್ರಣವನ್ನು ಒಂದೆರಡು ಗಂಟೆ ಬಿಟ್ಟು, ಸೀಗೆಯಿಂದ ತೊಳೆದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಬೇಕು. ಬಾಚದಿದ್ದರೆ ಮಾಡಿದ ಕೆಲಸ ವ್ಯರ್ಥ, ಏಕೆಂದರೆ ಸೀರು ಉಳಿಯುತ್ತದೆ. ಕಣ್ಣಿಗೆ, ಬಿರಿದ ಗಾಯಕ್ಕೆ, ಎಳೆ ಮಗುವಿಗೆ, ಬಸುರಿ ಹೆಣ್ಣುಮಕ್ಕಳಿಗೆ ಬೇಡ. ಹಳೆಯ ದಿಂಬಿನ ಹೊದಿಕೆ ಬಳಸಿ, ಹಳದಿ ಕಲೆ ಹೋಗುವುದಿಲ್ಲ. ವಾಸನೆಯೂ ಅಷ್ಟೇ.

ಹುಳುಕಡ್ಡಿ ಮತ್ತು ಕಜ್ಜಿಯ ವಿಚಾರದಲ್ಲಿ ನಾನು ಗಿರಾಕಿಗಳ ಜೊತೆ ಜಗಳವನ್ನೇ ಆಡುತ್ತೇನೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಹೊಂಗೆಯ ಸಾರ ಶಿಲೀಂಧ್ರ, ಬ್ಯಾಕ್ಟೀರಿಯಾಗಳನ್ನು ತಡೆದಿರುವುದು ನಿಜ. ತಟ್ಟೆ ಬೇರೆ, ತೊಡೆಯ ಸಂದು ಬೇರೆ. ಉಂಗುರದಂತೆ ಹರಡುವ ಹುಳುಕಡ್ಡಿಗೆ ವೈದ್ಯರು ಕೊಡುವ ಶಿಲೀಂಧ್ರದ ಮದ್ದು ಬೇಕು, ಹೇಳಿದಷ್ಟು ವಾರ ಪೂರ್ತಿ ಬೇಕು. ಅಂಗಡಿಯಲ್ಲಿ ತಾವೇ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲು ತುರಿಕೆ ಇಳಿಸಿ, ಆಮೇಲೆ ರೋಗವನ್ನು ಮೊಂಡು ಮಾಡುತ್ತದೆ; ಅದಕ್ಕಿಂತ ನನ್ನ ಎಣ್ಣೆ ವಾಸಿ, ಆದರೆ ಎಣ್ಣೆಯೂ ಉತ್ತರವಲ್ಲ. ಕಜ್ಜಿ ಚರ್ಮದೊಳಗೆ ಸುರಂಗ ಕೊರೆಯುವ ನುಸಿಯಿಂದ ಬರುವುದು. ಮನೆಯವರೆಲ್ಲ ಒಟ್ಟಿಗೆ ಮದ್ದು ಹಚ್ಚಿ, ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯದಿದ್ದರೆ ಅದು ಸುತ್ತಿ ಸುತ್ತಿ ಬರುತ್ತದೆ.

ಸಕ್ಕರೆ ಕಾಯಿಲೆಗೆ ಹೊಂಗೆ ಹೂವಿನ ಕಷಾಯ, ಹೊಟ್ಟೆಹುಳಕ್ಕೆ ಎಣ್ಣೆಯ ತೊಟ್ಟು ಎಂದು ಕೇಳಿಕೊಂಡು ಬರುವವರಿಗೆ ನಾನು ಸೀಸೆಯನ್ನೇ ಕೊಡುವುದಿಲ್ಲ. ಒಬ್ಬ ಅಜ್ಜಿ, “ನಮ್ಮತ್ತೆ ಕುಡಿದವರೇ ಕಣಪ್ಪ, ತೊಂಬತ್ತು ವರ್ಷ ಬದುಕಿದರು” ಎಂದು ವಾದಕ್ಕೆ ನಿಂತರು. “ಅಜ್ಜಿ, ಇದೇ ಮರದ ಬೀಜ, ಬೇರು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುತ್ತಿದ್ದರಲ್ಲ, ಮೀನು ಏಕೆ ತೇಲುತ್ತಿತ್ತು?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮೊಮ್ಮಗಳ ತಲೆಗೆ ಸಾಕಾಗುವಷ್ಟು ಎಣ್ಣೆ ಮಾತ್ರ ಕೊಂಡರು.

ಬೆಳೆಗೆ ಸಿಂಪಡಿಸುವವರು ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಮೊದಲು ಚೆನ್ನಾಗಿ ಕದಡಿ ಬೆರೆಸಿ, ಸಂಜೆ ಹೊತ್ತು ಹೊಡೆಯಿರಿ. ಹಿಪ್ಪುನೇರಳೆ ಸೊಪ್ಪಿಗೂ ಅದರ ಪಕ್ಕದ ಬದುವಿಗೂ ಬೇಡ. ಶಿಡ್ಲಘಟ್ಟದ ಕಡೆಯಿಂದ ಬರುವ ರೈತರಿಗೆ ಇದನ್ನು ಎರಡೆರಡು ಸಲ ಹೇಳುತ್ತೇನೆ: ರೇಷ್ಮೆಹುಳವೂ ಹುಳವೇ.

ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಗಿರಣಿಯಲ್ಲೇ ಬಿಟ್ಟು ಹೋಗುವವರಿದ್ದಾರೆ. ನನಗೆ ಲಾಭ, ಅವರಿಗೆ ನಷ್ಟ. ಅದರಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಸಾರಜನಕ ಇದೆ. ಜೊತೆಗೆ ಉಳಿದುಕೊಂಡ ಕರಂಜಿನ್, ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ವೇಗ ತಗ್ಗಿಸುತ್ತದೆ. 1970ರ ದಶಕದಲ್ಲಿಯೇ ಸಂಶೋಧಕರು ಇದನ್ನು ಪರೀಕ್ಷಿಸಿ ಕಂಡಿದ್ದಾರೆ. ಗೊಬ್ಬರ ನೀರಿನ ಜೊತೆ ಬೇಗ ಇಳಿದುಹೋಗುವುದಿಲ್ಲ. ಪುಡಿ ಮಾಡಿ, ನಾಟಿಗೆ ಒಂದೆರಡು ವಾರ ಮೊದಲೇ ಮಣ್ಣಿಗೆ ಸೇರಿಸಿ. ಕಡಲೆಕಾಯಿ ಹಿಂಡಿಯ ಚೀಲದ ಪಕ್ಕದಲ್ಲಿ ಇಡಬೇಡಿ, ಕತ್ತಲಲ್ಲಿ ಯಾರಾದರೂ ತಪ್ಪಿ ಹಸುವಿನ ಬಾನಿಗೆ ಸುರಿದಾರು.