ಚಿಪ್ಪಿಲ್ಲದ ಹಸಿ ಮೊಟ್ಟೆ: ಮಕ್ಕಳೊಂದಿಗೆ ಒಂದು ನಿಧಾನದ ಪ್ರಯೋಗ

ಅಡುಗೆಮನೆಯ ವಿಜ್ಞಾನವೆಂದರೆ ಹೆಚ್ಚಿನವರು ಅಡುಗೆ ಸೋಡಕ್ಕೆ ವಿನೆಗರ್ ಸುರಿದು ನೊರೆ ಉಕ್ಕಿಸುತ್ತಾರೆ. ನಾನೂ ಅದನ್ನು ಮಾಡಿಸಿದ್ದೇನೆ. ಆದರೆ ಅದು ಕ್ಷಣಾರ್ಧದಲ್ಲಿ ಮುಗಿಯುವುದರಿಂದ ಮಕ್ಕಳು 'ಇನ್ನೊಮ್ಮೆ' ಎನ್ನುತ್ತಾರೆಯೇ ಹೊರತು 'ಏಕೆ' ಎಂದು ಕೇಳುವುದಿಲ್ಲ. ಆದ್ದರಿಂದ ಅದೇ ಬಗೆಯ ಕ್ರಿಯೆ ನಿಧಾನವಾಗಿ ನಡೆಯುವ ಮೊಟ್ಟೆಯ ಪ್ರಯೋಗವನ್ನು ಆರಿಸಿಕೊಂಡೆ.

ಎರಡು ಗಾಜಿನ ಲೋಟಗಳಲ್ಲಿ ಒಂದೊಂದು ಹಸಿ ಮೊಟ್ಟೆಯನ್ನಿಟ್ಟು, ಒಂದಕ್ಕೆ ವಿನೆಗರನ್ನೂ ಇನ್ನೊಂದಕ್ಕೆ ಬರಿಯ ನೀರನ್ನೂ ಮುಳುಗುವಷ್ಟು ಹಾಕಿದೆವು. ನೀರಿನ ಲೋಟವಿಲ್ಲದಿದ್ದರೆ, ಆದ ಬದಲಾವಣೆಗೆ ವಿನೆಗರ್ ಕಾರಣವೋ ಸುಮ್ಮನೆ ನೆನೆದದ್ದು ಕಾರಣವೋ ಎಂದು ಹೇಳಲು ಬರುವುದಿಲ್ಲ. ಏನಾಗಬಹುದೆಂಬ ಊಹೆಯನ್ನು ಮಕ್ಕಳು ಮೊದಲೇ ಬರೆದಿಡಬೇಕೆಂಬುದು ನನ್ನ ನಿಯಮ. ಬರೆಯದಿದ್ದರೆ ಕೊನೆಗೆ ಎಲ್ಲರೂ 'ನಾನು ಹೇಳಿದ್ದೆ' ಎನ್ನುತ್ತಾರೆ.

ಸ್ವಲ್ಪ ಹೊತ್ತಿನಲ್ಲೇ ವಿನೆಗರಿನಲ್ಲಿದ್ದ ಮೊಟ್ಟೆಯ ಮೈಗೆಲ್ಲ ಸಣ್ಣ ಗುಳ್ಳೆಗಳು ಅಂಟಿಕೊಂಡವು. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದು, ವಿನೆಗರಿನ ಅಸಿಟಿಕ್ ಆಮ್ಲ ಅದನ್ನು ಕರಗಿಸುವಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮರುದಿನ ವಿನೆಗರನ್ನು ಬದಲಿಸಿದರೆ ಕೆಲಸ ಚುರುಕಾಗುತ್ತದೆ. 24ರಿಂದ 48 ಗಂಟೆಗಳಲ್ಲಿ ಚಿಪ್ಪು ಸಡಿಲವಾಗಿ, ನಲ್ಲಿಯ ಕೆಳಗೆ ಬೆರಳಿನಿಂದ ಮೆಲ್ಲಗೆ ಉಜ್ಜಿದಾಗ ಉಳಿದ ಬಿಳಿ ಪುಡಿಯೂ ತೊಳೆದುಹೋಗುತ್ತದೆ. ತೆಳುಪೊರೆಯಷ್ಟೇ ಹೊದ್ದಿರುವ ಆ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದರೆ ಒಳಗೆ ಹಳದಿ ಭಾಗ ತೂಗಾಡುವುದು ಕಾಣುತ್ತದೆ.

ನಿಜವಾದ ಪ್ರಶ್ನೆ ಹುಟ್ಟಿದ್ದು ಆಗಲೇ: ಚಿಪ್ಪು ಹೋದರೂ ಮೊಟ್ಟೆ ದಪ್ಪಗಾಗಿದೆಯಲ್ಲ? ವಿನೆಗರಿನ ಬಹುಭಾಗ ನೀರೇ ಆಗಿದ್ದು, ಅದು ಪೊರೆಯ ಮೂಲಕ ಒಳಸೇರಿತ್ತು. ಇದನ್ನು ಪರೀಕ್ಷಿಸಲು ಮೊಟ್ಟೆಯನ್ನು ತೂಗಿ, ಗಟ್ಟಿ ಸಕ್ಕರೆ ಪಾಕದಲ್ಲಿ ಒಂದು ದಿನವಿಟ್ಟು ಮತ್ತೆ ತೂಗಿದೆವು. ಪಾಕದಲ್ಲಿ ಸಕ್ಕರೆಯ ಪ್ರಮಾಣ ಹೆಚ್ಚಾದ್ದರಿಂದ ನೀರು ಹೊರಬಂದು ಮೊಟ್ಟೆ ಸುಕ್ಕುಗಟ್ಟಿತ್ತು; ಶುದ್ಧ ನೀರಿಗೆ ಹಾಕಿದಾಗ ಮತ್ತೆ ಉಬ್ಬಿತು. ಪೊರೆಯ ಮೂಲಕ ನೀರು ಹೀಗೆ ಸಾಗುವುದನ್ನು ಪರಾಸರಣ (ಆಸ್ಮಾಸಿಸ್) ಎನ್ನುತ್ತಾರೆ; ಅದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ತಕ್ಕಡಿಯ ಈ ಅಂಕಿಗಳನ್ನು ಅವರಿಂದಲೇ ಬರೆಸುವುದು ಮೇಲೆಂದು ನನಗನ್ನಿಸುತ್ತದೆ.

ಪೊರೆ ಸುಲಭವಾಗಿ ಒಡೆಯುವುದರಿಂದ ಎಲ್ಲವನ್ನೂ ಅಗಲವಾದ ತಟ್ಟೆಯ ಮೇಲೆಯೇ ಮಾಡಬೇಕು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ ಕಾರಣ ಅದನ್ನು ತಿನ್ನಬಾರದು, ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಯಲೇಬೇಕು.